ಮೂರು ಮಜಲಿಗೆ ಒಂದು ಜೀನಾ

೧೯೪೮ ಫೆಬ್ರುವರಿ ೧೧, ಬುಧವಾರ

ದೊಡ್ಡ ಕೆಲಸಕ್ಕೆ ಕೈ ಹಾಕಿದವನು ಬರೆದಿಡಬೇಕು ಎಂದು ನಮ್ಮ ಶಾಲೆಯ ಪಂತೋಜಿ ಹೇಳುತ್ತಿದ್ದರು. ಅವರು ಯಾವ ದೊಡ್ಡ ಕೆಲಸಕ್ಕೂ ಕೈ ಹಾಕದೆ ತೀರಿಕೊಂಡರು. ನಾನು ಹಾಕಿದ್ದೇನೆ, ಆದ್ದರಿಂದ ಬರೆಯುತ್ತೇನೆ. ಈ ವಹಿ ನನ್ನ ಕಣ್ಣಿಗೆ ಮಾತ್ರ.

ಕಮಲಾಪುರ ಬಿಟ್ಟು ಕಲಬುರಗಿಗೆ ಬಂದು ಹನ್ನೆರಡು ದಿನವಾಯಿತು. ಅಲ್ಲಿ ಹೊತ್ತು ಮುಳುಗಿದರೆ ನಿಜಾಮರ ಕಡೆಯ ರಜಾಕಾರರು ದೋಚಲು ಬಂದರು ಎಂಬ ಕೂಗು. ಹೆಂಗಸರು ಮಕ್ಕಳು ಹೊಲದ ಕಡೆ ಓಡುವುದು. ನಾಲ್ಕು ದಿನ ಸುಳ್ಳು, ಐದನೆಯ ದಿನ ನಿಜ. ಬಾಳೆಯ ತೋಟವನ್ನು ಅಣ್ಣನಿಗೆ ಬಿಟ್ಟು, ಹೆಂಡತಿ ಚಂದಮ್ಮನನ್ನು ಕರೆದುಕೊಂಡು ಇಲ್ಲೊಂದು ಬಾಡಿಗೆ ಖೋಲಿ ಸೇರಿದ್ದೇನೆ. ಓಡಿ ಬಂದೆ ಎಂದು ಊರವರು ಆಡಿಕೊಳ್ಳುತ್ತಾರಂತೆ. ಓಡಿ ಬಂದಿಲ್ಲ, ಗಾಡಿಯಲ್ಲಿ ಬಂದೆ.

ಕಾಳಿನ ಪೇಟೆಯಾದ ಗಂಜಿನ ಮಗ್ಗುಲಲ್ಲಿ ತೊಗರಿ ಗಾಡಿ ಬಿಡಲೆಂದು ಅಪ್ಪ ಕೊಂಡಿಟ್ಟ ಜಾಗವಿದೆ. ಮುಂದೆ ರಸ್ತೆ, ಮೂರು ಕಡೆ ಮನೆ. ಅಗಲಕ್ಕೆ ದಾರಿಯಿಲ್ಲ, ಎತ್ತರಕ್ಕೆ ಯಾರ ಅಡ್ಡಿಯೂ ಇಲ್ಲ. ಆದ್ದರಿಂದ ಮೂರು ಮಜಲು. ಕೆಳಗೆ ಮೂರು ಅಂಗಡಿ, ನಡುವೆ ಎರಡು ಬಾಡಿಗೆ ಸಂಸಾರ, ಮೇಲೆ ನಾನು. ಕೆಳಗಿನವರು ದುಡಿಯಲಿ, ನಡುವಿನವರು ಬಾಡಿಗೆ ಕೊಡಲಿ, ಮೇಲಿನವನು ಗಾಳಿ ತೆಗೆದುಕೊಳ್ಳಲಿ. ಪಂಚಾಂಗದ ಹಿಂಬದಿಗೆ ನಾನೇ ನಕ್ಷೆ ಬರೆದೆ. ಓವರ್‌ಸಿಯರನಿಗೆ ತೋರಿಸು ಎಂದು ಒಬ್ಬರು ಹೇಳಿದರು. ಇಷ್ಟಕ್ಕೆಲ್ಲ ಓವರ್‌ಸಿಯರ್ ಯಾಕೆ.

ಚಂದಮ್ಮ ನಕ್ಷೆ ನೋಡಿ, "ಬಾಳಿಗೊನಿ ಹಂಗ ಮನಿ ಮ್ಯಾಲ ಮನಿ ಜೋಡಸೀರಿ. ನೆಲಾ ಬಿಟ್ಟು ಮ್ಯಾಲ ಕುಂತ್ರ ನಾ ಅಂಗಳ ಎಲ್ಲಿ ಸಾರಸ್ಲಿ?" ಎಂದಳು. ಇಪ್ಪತ್ತೆರಡು ವರ್ಷ ನನ್ನ ಜೊತೆ ಬಾಳಿಯೂ ಇವಳಿಗೆ ಎತ್ತರದ ವಿಚಾರ ಹತ್ತಲಿಲ್ಲ.

೧೯೪೮ ಮಾರ್ಚ್ ೫, ಶುಕ್ರವಾರ

ಪಾಯ ತೋಡಲು ಶುರುವಾಯಿತು. ಗೌಂಡಿ ತುಕಾರಾಮ ಸಿಕ್ಕಿದ್ದಾನೆ. ಕೈ ಚಲೋ, ಮಾತು ಕಡಿಮೆ. ಇಂಥವನೇ ಬೇಕಾಗಿತ್ತು.

ಪಡುವಣ ಮಗ್ಗುಲಿಗೆ ಮಸ್ತಾನಬಿ ಸಾಹೇಬರ ಮನೆ. ಎರಡು ಖೋಲಿ, ಮುಂದೆ ಗೋಡೆ ಕಟ್ಟಿದ ಅಂಗಳ, ಅಂಗಳದಲ್ಲಿ ಒಂದು ಸೀತಾಫಲದ ಗಿಡ. ಆ ಅಮ್ಮನಿಗೆ ಗಂಡ ಇಲ್ಲ. ಒಬ್ಬನೇ ಮಗ ಹಮೀದ್ ಟಾಂಗಾ ಹೊಡೆಯುತ್ತಾನೆ. ಪರದೆ ಪಾಲಿಸುವ ಮನೆತನ. ಇಲ್ಲಿಯ ರಿವಾಜು ಏನೆಂದರೆ, ಇಂಥ ಅಂಗಳ ಕಾಣುವ ಗೋಡೆಯನ್ನಾಗಲಿ ಗಿಡವನ್ನಾಗಲಿ ಹತ್ತುವ ಗಂಡಸು ಮೊದಲು "ಪರದಾ" ಎಂದು ಮೂರು ಸಲ ಕೂಗಬೇಕು. ಹೆಂಗಸರು ಒಳಗೆ ಸರಿದು "ಹಾಂ" ಎಂದ ಮೇಲೆ ಹತ್ತಬೇಕು. ಇಳಿಯುವಾಗಲೂ ಹಾಗೆಯೇ.

ನಾನೇ ಹೋಗಿ ಗೋಣಿತಟ್ಟಿನ ಪರದೆಯ ಈಚೆ ನಿಂತು ಕೈ ಮುಗಿದೆ. "ಅಮ್ಮಾ, ನಿಮ್ಮ ಕಡಿ ಒಂದು ಕಿಡಕಿ ಸೈತ ಇಡಂಗಿಲ್ರಿ" ಎಂದೆ.

"ಕಟ್ರಿ ಸಾವಕಾರ, ಅಲ್ಲಾ ಬರ್ಕತ್ ಕೊಡ್ಲಿ. ನಮಗ ಒಂದೀಟು ಬಿಸಿಲು ಬಿಡ್ರಿ, ಹಪ್ಪಳಾ ಒಣಗಸಾಕ" ಎಂದರು ಒಳಗಿನಿಂದ.

ಚಂದಮ್ಮನ ತಮ್ಮ ಸೂರ್ಯಕಾಂತ ಕಚೇರಿಯಲ್ಲಿ ಗುಮಾಸ್ತ. ಕೆಂಪು ರೂಮಿ ಟೊಪ್ಪಿಗೆ ಹಾಕಿಕೊಂಡು ಉರ್ದು ಬಿಟ್ಟು ಬೇರೆ ಮಾತಾಡುವುದಿಲ್ಲ. ಮಸ್ತಾನಬಿ ಸಾಹೇಬರ ಬಳಗದವರೊಬ್ಬರು ಹೈದರಾಬಾದಿನಲ್ಲಿ ದೊಡ್ಡ ಹುದ್ದೆಯಲ್ಲಿದ್ದಾರೆಂದು ಅವನು ಹೇಳಿದ. ನನ್ನ ಮರ್ಯಾದೆಗೂ ಅದಕ್ಕೂ ಸಂಬಂಧವಿಲ್ಲ.

೧೯೪೮ ಏಪ್ರಿಲ್ ೨೨, ಬೇಸ್ತವಾರ

ಇಂದು ದೊಡ್ಡ ಫಜೀತಿ. ಹೊಸ ಕೂಲಿಯವನೊಬ್ಬ ಕೂಗದೆ ಕಟ್ಟಡದ ಬಿದಿರು ಸಾರುವೆ ಹತ್ತಿದ. ಮಸ್ತಾನಬಿ ಸಾಹೇಬರು ಅಂಗಳದಲ್ಲಿ ತಲೆಗೂದಲು ಒಣಗಿಸುತ್ತಿದ್ದರಂತೆ. ಹಮೀದ್ ಚಾಬೂಕು ಹಿಡಿದುಕೊಂಡೇ ಬಂದ.

ಕೂಲಿಯವನನ್ನು ನಿಲ್ಲಿಸಿಕೊಂಡು ಗೋಡೆಯಾಚೆಗೂ ಕೇಳುವ ಹಾಗೆ ಬೈದೆ. "ಕೂಗದೇ ಹತ್ತವ, ಕೂಗಿದ ಮ್ಯಾಲ ಜವಾಬು ಬರೋತನಕ ನಿಂದ್ರದವ ಗಂಡಸೇ ಅಲ್ಲ, ತಿಳೀತಿಲ್ಲೋ?" ಎಂದೆ. ಆ ಮಾತು ನನಗೇ ಚೆನ್ನಾಗಿ ಕಂಡಿತು. ಸಂಜೆ ಕಮಲಾಪುರದಿಂದ ಬಂದ ಕೆಂಪು ಬಾಳೆಯ ಒಂದು ಚಿಪ್ಪು ಹಿಡಿದುಕೊಂಡು ಹೋದೆ.

"ಚಾಚಾ, ಹಣ್ಣು ಬ್ಯಾಡ್ರಿ. ಕೂಗೋದೊಂದು ಬಿಡಬ್ಯಾಡ್ರಿ" ಎಂದ ಹಮೀದ್. ಆಮೇಲೆ ಹಣ್ಣನ್ನೂ ತೆಗೆದುಕೊಂಡ. ಒಳ್ಳೆಯ ಹುಡುಗ.

೧೯೪೮ ಜೂನ್ ೨, ಬುಧವಾರ

ಕೆಳಗಿನ ಮಜಲು ಮುಗಿಯಿತು. ಮೂರು ಅಂಗಡಿ ಸಾಲಾಗಿ ನಿಂತಿವೆ. ಹಿಂದಿನ ಗೋಡೆಯವರೆಗೆ ಒಂದು ಗೇಣೂ ಪೋಲಾಗಿಲ್ಲ. ನಿಂತು ನೋಡುತ್ತಿದ್ದೆ. ತುಕಾರಾಮ ಬಂದು ತಲೆ ಕೆರೆದುಕೊಂಡ.

"ಸಾವಕಾರ್ರೇ, ಮ್ಯಾಲಿನವ್ರು ಮ್ಯಾಲ ಹ್ಯಾಂಗ ಹೋಗ್ತಾರ್ರಿ?"

"ಹತ್ತಿ ಹೋಗ್ತಾರ."

"ಏನು ಹತ್ತಿರಿ?"

ನಕ್ಷೆ ತರಿಸಿ ನೋಡಿದೆ. ಅಂಗಡಿ ಇತ್ತು, ಮನೆಗಳಿದ್ದವು, ನನ್ನ ಕೂಡುವ ಜಾಗಕ್ಕೆ ಆರಾಮ ಕುರ್ಚಿಯೂ ಬರೆದಿದ್ದೆ. ಮೆಟ್ಟಿಲು ಇರಲಿಲ್ಲ. ಕಮಲಾಪುರದಲ್ಲಿ ನಮ್ಮದೆಲ್ಲ ಮಣ್ಣಿನ ಮಾಳಿಗೆ. ಮೆಣಸಿನಕಾಯಿ ಒಣಗಿಸಲಿಕ್ಕೆ ಗೋಡೆಗೆ ಒಂದು ನಿಚ್ಚಣಿಕೆ ಆನಿಸಿರುತ್ತೇವೆ, ಕೆಲಸ ಮುಗಿದರೆ ತೆಗೆದು ಮಲಗಿಸುತ್ತೇವೆ. ನಲವತ್ತಾರು ವರ್ಷದಲ್ಲಿ ಮನೆಗೊಂದು ಮೆಟ್ಟಿಲು ಬೇಕು ಎಂದು ನನಗೆ ಒಮ್ಮೆಯೂ ಅನ್ನಿಸಿರಲಿಲ್ಲ. ನಾನೊಬ್ಬನೇ ಅಲ್ಲ, ನೋಡಿದ ಅಣ್ಣನೂ ನೆಂಟರೂ ಒಬ್ಬರೂ ಕೇಳಲಿಲ್ಲ.

"ನಿಚ್ಚಣಿಕಿ ಇಡೋಣು" ಎಂದೆ.

"ಬಾಡಿಗಿ ಮನ್ಯಾಗ ಬಸುರಿ ಹೆಂಗಸು ಬಂದ್ರ?" ಎಂದ. ಮಾತು ಕಡಿಮೆ ಎಂದು ಮೊದಲು ಬರೆದಿದ್ದೆ. ಅದು ತಪ್ಪು.

ಇಲ್ಲಿಯವರು ಮೆಟ್ಟಿಲಿಗೆ ಜೀನಾ ಎನ್ನುತ್ತಾರೆ. ಅದಕ್ಕೆ ಒಂದು ಅಂಗಡಿ ಹೋಗುತ್ತದಂತೆ. ಬೇಳೆಯ ಅಂಗಡಿ ನನ್ನದು. ಅರಿವೆ ಅಂಗಡಿಯವನಿಗೆ ಮಾತು ಕೊಟ್ಟಿದ್ದೇನೆ. ಚಹಾದ ಹೋಟೆಲಿನವನು ಆಗಲೇ ಒಲೆಗೆ ಪೂಜೆ ಮಾಡಿಕೊಂಡು ಹೋಗಿದ್ದಾನೆ. ಜನರ ಕಾಲಿಗಾಗಿ ಒಂದು ಅಂಗಡಿ ಬಲಿ ಕೊಡುವುದೇ? ಸದ್ಯ ಸಾರುವೆ ಹತ್ತಿ ಕೆಲಸ ನಡೆಯಲಿ, ಮುಂದೆ ನೋಡೋಣ.

೧೯೪೮ ಜುಲೈ ೧೯, ಸೋಮವಾರ

ಹಿಂದೂಸ್ತಾನದ ಗಡಿ ಬಂದ್. ಕಬ್ಬಿಣ ಬರುತ್ತಿಲ್ಲ. ಮಳೆ. ಜೀನಾ ಇನ್ನೂ ನಿಶ್ಚಯವಾಗಿಲ್ಲ.

೧೯೪೮ ಸೆಪ್ಟೆಂಬರ್ ೧೫, ಬುಧವಾರ

ಸೋಲಾಪುರದ ಕಡೆಯಿಂದ ಹಿಂದೂಸ್ತಾನದ ಫೌಜು ಒಳಗೆ ಬಂದಿದೆ. ಗಂಜು ಮುಚ್ಚಿದೆ. ಕಟ್ಟಡದ ಕೆಳಗೆ ಕೂತಿದ್ದೇವೆ. ವಿಮಾನದ ಸದ್ದಾದಾಗ ಇಷ್ಟು ಎತ್ತರ ಕಟ್ಟಿಸಬಾರದಿತ್ತು ಅನ್ನಿಸಿತು.

೧೯೪೮ ಸೆಪ್ಟೆಂಬರ್ ೧೯, ಐತವಾರ

ಎಲ್ಲ ಐದೇ ದಿನದಲ್ಲಿ ಮುಗಿಯಿತು. ನಿಜಾಮರು ಶರಣಾದರಂತೆ. ಸೂರ್ಯಕಾಂತ ಬೆಳಿಗ್ಗೆ ಬಂದ. ತಲೆಯ ಮೇಲೆ ಬಿಳಿ ಟೊಪ್ಪಿಗೆ, ಬಾಯಲ್ಲಿ ಅಚ್ಚ ಕನ್ನಡ. ಟೊಪ್ಪಿಗೆ ಹೊಸದು, ಇನ್ನೂ ಮಡಿಕೆ ಬಿಟ್ಟಿಲ್ಲ. ನನಗೂ ಒಂದು ತಂದಿದ್ದ. ತಲೆಗೆ ಸರಿಯಾಗಿ ಕೂತಿತು.

ಕಟ್ಟಡದ ಮುಂದೆ ಹೆಸರು ಕೆತ್ತಿಸಲು ಒಂದು ಕಲ್ಲು ಕೂರಿಸಿದ್ದೆ. ಸೂರ್ಯಕಾಂತ ಅವಸರ ಮಾಡಿದರೂ ನಿಜಾಮರ ಹೆಸರು ಕೆತ್ತಿಸದೆ ಖಾಲಿ ಬಿಟ್ಟಿದ್ದು ನನ್ನ ಜಾಣತನ.

೧೯೪೮ ಸೆಪ್ಟೆಂಬರ್ ೨೮, ಮಂಗಳವಾರ

ಕಮಲಾಪುರದಿಂದ ಅಣ್ಣ ಬಂದಿದ್ದ. ಸುತ್ತಿನ ಹಳ್ಳಿಗಳಲ್ಲಿ ನಡೆದದ್ದನ್ನು ಹೇಳಿದ. ಬರೆಯಲಾರೆ. ಮೊದಲು ನಾವು ಹೊಲದ ಕಡೆ ಓಡುತ್ತಿದ್ದೆವು, ಈಗ ಬೇರೆಯವರು ಓಡುತ್ತಿದ್ದಾರೆ. ಓಡಲಾಗದವರೂ ಇದ್ದರಂತೆ.

ಹಮೀದ್ ಹನ್ನೆರಡನೆಯ ತಾರೀಖು ಬಾಡಿಗೆಗೆಂದು ಹುಮನಾಬಾದದ ಕಡೆ ಹೋದವನು ಬಂದಿಲ್ಲ. ಕುದುರೆ ತಾನಾಗಿ ಬಂದಿದೆ. ಟಾಂಗಾ ಇಲ್ಲ. ಚಂದಮ್ಮ ಹಗಲೆಲ್ಲ ಮಸ್ತಾನಬಿಯವರ ಹತ್ತಿರ ಕೂಡುತ್ತಾಳೆ. ನನಗೂ ಅನ್ನ ಸೇರಲಿಲ್ಲ. ನನ್ನನ್ನು ಚಾಚಾ ಎನ್ನುತ್ತಿದ್ದ ಹುಡುಗ.

೧೯೪೮ ಅಕ್ಟೋಬರ್ ೧೦, ಐತವಾರ

ಮಸ್ತಾನಬಿ ಇಂದು ಹೈದರಾಬಾದಿನ ರೈಲು ಹತ್ತಿದರು. ಊರು ಬಿಟ್ಟ ಜನರೆಲ್ಲ ಅಲ್ಲಿ ಸೇರಿದ್ದಾರಂತೆ, ಮಗನನ್ನು ಹುಡುಕಬೇಕಂತೆ. ಕುದುರೆಯನ್ನು ನೆಂಟರು ಒಯ್ದರು. ಮನೆಯ ಚಾವಿಗಳು ಎರಡು. ಒಂದನ್ನು ತಾವಿಟ್ಟುಕೊಂಡು ಇನ್ನೊಂದನ್ನು ಚಂದಮ್ಮನ ಕೈಗಿಟ್ಟರು.

"ಅವ ಬಂದ್ರ ಈ ಬಾಗಲಿಗೇ ಬರ್ತಾನ ಬೇಟಿ. ಬ್ಯಾರೆ ಬಾಗಲಾ ಅವಗ ಗೊತ್ತಿಲ್ಲ. ತಗದು ಕುಂದ್ರಸು. ಒಂದು ರೊಟ್ಟಿ ಕೊಡು" ಎಂದರು.

"ನಿಮ್ಮ ಮನಿ ಜವಾಬ್ದಾರಿ ನಂದು" ಎಂದು ನಾನು ಹೇಳಿದೆ. ಹೇಳುವಾಗ ಕಣ್ಣು ತೇವವಾದದ್ದು ಸುಳ್ಳಲ್ಲ.

೧೯೪೮ ನವೆಂಬರ್ ೪, ಬೇಸ್ತವಾರ

ಅಕಾಲ ಮಳೆ. ಸುಣ್ಣದ ಚೀಲಗಳನ್ನು ಮಸ್ತಾನಬಿಯ ಖೋಲಿಯಲ್ಲಿ ಇಡಿಸಿದೆ. ಖಾಲಿ ಮನೆಗೆ ಇಲಿ ಬೀಳುತ್ತವೆ, ಸುಣ್ಣವಿದ್ದರೆ ಬೀಳುವುದಿಲ್ಲ. ನೋಡಿದರೆ ಇದು ಅವಳಿಗೇ ಉಪಕಾರ. ಚಂದಮ್ಮ ಚಾವಿ ಕೊಡಲು ತಕರಾರು ತೆಗೆದಳು. ಗೋಡೆಯ ಮಾಡದಲ್ಲಿದ್ದ ಮೊಳೆಯಿಂದ ನಾನೇ ತೆಗೆದುಕೊಂಡೆ.

೧೯೪೮ ಡಿಸೆಂಬರ್ ೧೭, ಶುಕ್ರವಾರ

ಎರಡನೆಯ ಮಜಲೂ ಆಯಿತು, ಮೂರನೆಯದು ಏಳುತ್ತಿದೆ. ಸಾರುವೆ ಬಿಚ್ಚುವ ಮೊದಲು ಜೀನಾ ಬೇಕೇ ಬೇಕು. ಸೂರ್ಯಕಾಂತ ಈಗ ಊರಿನ ನಾಲ್ಕು ಸಮಿತಿಗಳಲ್ಲಿದ್ದಾನೆ. ಪಡುವಣ ಗೋಡೆಯ ಹತ್ತಿರ ನಿಂತು, "ಭಾವ, ಅಂಗೈಯಾಗ ಬೆಣ್ಣಿ ಇಟ್ಕೊಂಡು ತುಪ್ಪಕ್ಕ ಊರ ಯಾಕ ಸುತ್ತತೀರಿ?" ಎಂದ. ಖಾಲಿ ಅಂಗಳವನ್ನು ತೋರಿಸಿದ. ಅಲ್ಲಿ ನಮ್ಮ ಹೊರಗಿನ ಗೋಡೆಗೆ ಆನಿಸಿ ಜೀನಾ ಎಬ್ಬಿಸಿದರೆ ಮೂರು ಅಂಗಡಿಯೂ ಉಳಿಯುತ್ತವೆ. ಅಂಗಳಕ್ಕೆ ರಸ್ತೆಗೆ ತೆರೆಯುವ ಬಾಗಿಲೂ ಇದೆ.

ತುಕಾರಾಮನಿಗೆ ಹೇಳಿದೆ. "ಅವ್ರು ಬಂದ್ರರಿ?" ಎಂದ.

"ಬಂದಾಗ ತಗದು ಹಾಕಿದ್ರಾಯ್ತು."

"ಗಚ್ಚಿನಾಗ ಕಟ್ಟಿದ್ದು ಕುರ್ಚಿ ಏನ್ರಿ, ತಗದು ಆಚಿಗಿಡಾಕ?"

ಅವನ ಕೆಲಸ ಕಟ್ಟುವುದು, ಕೇಳುವುದಲ್ಲ. ಹಾಗೆಂದು ಹೇಳಿದೆ. ಚಂದಮ್ಮ ಎಂಟು ದಿನದಿಂದ ನನ್ನೊಡನೆ ಮಾತಾಡಿಲ್ಲ. ಮನೆಯಲ್ಲಿ ಬಹಳ ಶಾಂತಿ ಇದೆ.

೧೯೪೯ ಫೆಬ್ರುವರಿ ೮, ಮಂಗಳವಾರ

ಜೀನಾ ಮುಗಿಯಿತು. ಶಹಾಬಾದಿ ಫರಸಿ ಕಲ್ಲು, ನಲವತ್ತೆರಡು ಮೆಟ್ಟಿಲು. ತಿರುವಿಗೆ ಸೀತಾಫಲದ ಗಿಡ ಅಡ್ಡ ಬಂದದ್ದಕ್ಕೆ ಕಡಿಸಿದೆ. ಮುದುಕಿ ಇದ್ದಾಗಲೂ ಹಣ್ಣನ್ನು ಗಿಳಿಗಳೇ ತಿನ್ನುತ್ತಿದ್ದವು.

೧೯೪೯ ಏಪ್ರಿಲ್ ೨೯, ಶುಕ್ರವಾರ

ಗೃಹಪ್ರವೇಶ. ಗಂಜಿಗೆ ಗಂಜೇ ಊಟಕ್ಕೆ ಬಂದಿತ್ತು. ನಡುವಿನ ಮಜಲಿಗೆ ಒಬ್ಬ ವಕೀಲರು, ಒಬ್ಬ ಹೆಡ್‌ಮಾಸ್ತರರು ಬಂದಿದ್ದಾರೆ. ಅವರ ಪಲ್ಲಂಗ ಅಂಗಳದ ಹಳೆಯ ಬಾಗಿಲಲ್ಲಿ ಹಿಡಿಸಲಿಲ್ಲ. ಅದನ್ನು ಕೀಳಿಸಿ ಅಗಲವಾದ ಹೊಸ ಬಾಗಿಲು, ಹೊಸ ಬೀಗ ಹಾಕಿಸಿದೆ. ಹಳೆಯ ಬಾಗಿಲು ಹೋಟೆಲಿನವನಿಗೆ ಚಹಾ ಇಡುವ ಹಲಗೆಯಾಯಿತು. ಒಂದನ್ನೂ ಪೋಲು ಮಾಡುವ ಸ್ವಭಾವ ನನ್ನದಲ್ಲ.

ಮೇಲಿನ ಮಜಲಿಗೆ ಪಡುವಣದಲ್ಲಿ ಎರಡು ಕಿಡಕಿ ಇಡಿಸಿದ್ದೇನೆ. ಕೆಳಗೆ ಯಾರೂ ಇಲ್ಲದ ಮೇಲೆ ಯಾರಿಗೆ ತೊಂದರೆ? ಗಾಳಿ ಬರುತ್ತದೆ, ಕೋಟೆ ಕಾಣುತ್ತದೆ. ಸಂಜೆ ಜೀನಾ ಇಳಿಯುವಾಗ ರೂಢಿಯಿಂದ "ಪರದಾ" ಎಂದುಬಿಟ್ಟೆ. ಖಾಲಿ ಅಂಗಳ. ಮೇಲೆ ವಕೀಲರ ಹೆಂಡತಿ ನಕ್ಕಳು. ಊಟವಾದಾಗಿನಿಂದ ಎದೆಯಲ್ಲಿ ಉರಿ. ಹೋಳಿಗೆಗೆ ತುಪ್ಪ ಹೆಚ್ಚಾಗಿರಬೇಕು.

೧೯೪೯ ಸೆಪ್ಟೆಂಬರ್ ೨, ಶುಕ್ರವಾರ

ಸೂರ್ಯಕಾಂತನ ಸಮಿತಿಯವರು ನನ್ನನ್ನೂ ಭಾಷಣಕ್ಕೆ ಕರೆದಿದ್ದರು. ಹೊಸ ರಾಜ್ಯದಲ್ಲಿ ಎಲ್ಲರಿಗೂ ಅವರವರ ಜಾಗ ಸಿಗಬೇಕು ಎಂದೆ. ಚಪ್ಪಾಳೆ ಬಿತ್ತು.

ಚಂದಮ್ಮ ದಿನಾ ಒಂದು ರೊಟ್ಟಿ ಹೆಚ್ಚು ಬಡಿಯುತ್ತಾಳೆ. ಯಾರಿಗೆ ಎಂದು ಕೇಳಿದರೆ ಹೇಳುವುದಿಲ್ಲ. ಎದೆಯ ಉರಿಗೆ ಹಕೀಮರ ಪುಡಿಯೂ ಹತ್ತುತ್ತಿಲ್ಲ.

೧೯೪೯ ಡಿಸೆಂಬರ್ ೧೩, ಮಂಗಳವಾರ

ಇಂದಿನದನ್ನು ಇದ್ದ ಹಾಗೆ ಬರೆಯುತ್ತೇನೆ.

ಬೆಳಿಗ್ಗೆ ಪಡುವಣ ಕಿಡಕಿಯಲ್ಲಿ ಹಲ್ಲುಜ್ಜುತ್ತ ನಿಂತಿದ್ದೆ. ಕೆಳಗೆ ರಸ್ತೆಯಲ್ಲಿ ಬುರ್ಖಾ ಹಾಕಿದ ಮುದುಕಿಯೊಬ್ಬಳು ಕೈಯಲ್ಲಿ ಚಾವಿ ಹಿಡಿದು ನನ್ನ ಹೊಸ ಬಾಗಿಲನ್ನು ತಡವಿ ನೋಡುತ್ತಿದ್ದಳು. ಒಂದು ಹೆಜ್ಜೆ ಹಿಂದೆ ಸರಿದು ಓಣಿಯ ಆಚೆ ಈಚೆ ನೋಡಿದಳು, ಮನೆ ತಪ್ಪಿ ಬಂದವಳ ಹಾಗೆ. ನಾನು ಕಿಡಕಿಯಿಂದ ಸರಿದೆ. ಚಂದಮ್ಮ ಆಗಲೇ ಜೀನಾ ಇಳಿದು ಓಡುತ್ತಿದ್ದಳು. ಬಾಗಿಲು ತೆಗೆದ ಸದ್ದಾಯಿತು. ಆಮೇಲೆ ಚಂದಮ್ಮ ಅಳುವುದು ಕೇಳಿಸಿತು. ಮುದುಕಿಯ ಅಳು ಕೇಳಿಸಲಿಲ್ಲ.

"ಹಮೀದ್ ಸಿಕ್ನೇನ್ರಿ?" ಎಂದು ಚಂದಮ್ಮ ಕೇಳಿದ್ದು ಮೂರನೆಯ ಮಜಲಿಗೂ ಮುಟ್ಟಿತು. ಜವಾಬು ಮುಟ್ಟಲಿಲ್ಲ.

ಒಂದು ತಾಸು ಕಳೆಯಿತು. ಹೊರಗೆ ಸಮಿತಿಯ ಕೆಲಸವಿತ್ತು. ಸುಮ್ಮನೆ ಇಳಿದು ಹೋಗಿಬಿಟ್ಟಿದ್ದರೆ ಆಗುತ್ತಿತ್ತು. ತಿರುವಿನಲ್ಲಿ ನನಗೇ ತಿಳಿಯದೆ "ಪರದಾ" ಎಂದುಬಿಟ್ಟೆ. ಒಮ್ಮೆ ಕೂಗಿದ ಮೇಲೆ ನಿಲ್ಲಲೇಬೇಕು. ನಿಂತೆ. "ಹಾಂ" ಬರಲಿಲ್ಲ. ಜೀನಾದ ಬುಡದಲ್ಲೇ ಹೊರಸು ಹಾಕಿಕೊಂಡು ಅವರು ಕೂತಿದ್ದಾರೆಂದು ಚಂದಮ್ಮ ಕೆಳಗಿನಿಂದ ಕೂಗಿ ಹೇಳಿದಳು.

ಹಿಂದೆ ವಕೀಲರು ಕಾಗದದ ಕಟ್ಟು ಹಿಡಿದು ಬಂದು ನಿಂತರು. ಅವರ ಹಿಂದೆ ಹೆಡ್‌ಮಾಸ್ತರರು. ಕೋರ್ಟಿಗೂ ಶಾಲೆಗೂ ಹೊತ್ತಾಗುತ್ತಿತ್ತು. ಇಬ್ಬರೂ ಮುಂದೆ ಹೆಜ್ಜೆ ಇಡಲಿಲ್ಲ, ನನ್ನ ಬೆನ್ನನ್ನೇ ನೋಡುತ್ತ ನಿಂತರು.

"ಸಾವಕಾರ" ಎಂದು ಕೊನೆಗೆ ಧ್ವನಿ ಬಂತು. "ಈ ಅಂಗಳ ಯಾರ್ದು?"

"ನೋಡ್ರಿ, ಕಾಲ ಬದಲಾಗ್ಯದ…"

"ಕಾಲ ಕೇಳಿಲ್ಲ. ಅಂಗಳ ಕೇಳೀನಿ."

"ನೀವು ಇರಲಿಲ್ಲ. ಮನಿ ಬಿದ್ದು ಹೋಗಬಾರ್ದಂತ ನಾನೇ…"

ಕೆಳಗೆ ಹೊರಸು ಕಿರ್ರೆಂದಿತು.

"ಮಗ್ಗಲ ಮನಿಯವರಾಗ ನಮ್ದು ನಿಮ್ದು ಅಂತ ಏನದರಿ?" ಎಂದೆ. ವಕೀಲರು ಹಿಂದೆ ಕೆಮ್ಮಿದರು. ಹೋಟೆಲಿನಲ್ಲಿ ಚಹಾ ಕುಡಿಯುವವರು ಕಪ್ಪು ಹಿಡಿದುಕೊಂಡೇ ಬಾಗಿಲಿನಾಚೆ ಬಂದು ನಿಂತ ಹಾಗಿತ್ತು. ಬಿಸಿಲು ನೆತ್ತಿಗೆ ಬಂತು. ಎದೆಯ ಉರಿ ಗಂಟಲಿಗೆ ಬಂದಿತ್ತು.

"ನಿಮ್ದರಿ" ಎಂದೆ.

"ಗಂಜಿಗೆ ಕೇಳಂಗಿಲ್ಲ ಅದು."

"ನಿಮ್ಮ ಅಂಗಳ ಅಮ್ಮಾ. ನಿಮ್ದೇ ಅದ" ಎಂದು ಕೂಗಿ ಹೇಳಿದೆ. ಮೂರು ಮಜಲು ಕಟ್ಟಿಸುವಾಗ ಆಗದ ನಾಚಿಕೆ ಅಷ್ಟು ಮಾತಿಗೆ ಆಯಿತು.

ಹೊರಸು ಸರಿದ ಸದ್ದು, ಒಳಬಾಗಿಲ ಸದ್ದು. ಆಮೇಲೆ "ಹಾಂ." ನಾವು ಮೂವರೂ ತಲೆ ತಗ್ಗಿಸಿಕೊಂಡು ಇಳಿದು ಹೋದೆವು.

೧೯೪೯ ಡಿಸೆಂಬರ್ ೧೫, ಬೇಸ್ತವಾರ

ಮೂರನೆಯ ಅಂಗಡಿಯನ್ನು ಒಡೆದು ಒಳಗಿನಿಂದಲೇ ಜೀನಾ ಎಬ್ಬಿಸಿ, ಆಮೇಲೆ ಅಂಗಳದ್ದನ್ನು ಕೀಳಲು ತುಕಾರಾಮನಿಗೆ ಹೇಳಿದ್ದೇನೆ. ಹೋಟೆಲಿನ ಹೊಗೆ ಮೇಲಿನವರಿಗೆ ಬರುತ್ತಿತ್ತು, ಹೇಗೂ ತೆಗೆಸಬೇಕಾಗಿತ್ತು. ಸೂರ್ಯಕಾಂತ ಬಂದು ಬೈದು ಹೋದ. ತುಕಾರಾಮ ನಕ್ಕದ್ದನ್ನು ಇಂದೇ ಮೊದಲು ಕಂಡೆ.

ಮಸ್ತಾನಬಿಯವರು ಮತ್ತೇನನ್ನೂ ಕೇಳಲಿಲ್ಲ, ಹಳೆಯ ಬಾಗಿಲೊಂದನ್ನು ಬಿಟ್ಟು. "ಅವ ಬಂದ್ರ ಗುರ್ತು ಹಿಡೀಬೇಕಲ್ಲ" ಎಂದರಂತೆ. ಹೋಟೆಲಿನಿಂದ ಹಲಗೆ ತರಿಸಿ ನಾನೇ ನಿಂತು ತಿಕ್ಕಿಸಿದೆ. ಚಹಾದ ಕಲೆ ಪೂರ್ತಿ ಹೋಗಲಿಲ್ಲ.

ಮಧ್ಯಾಹ್ನ ಚಂದಮ್ಮ ಗಂಡಸರನ್ನೆಲ್ಲ ಜೀನಾದಿಂದ ಸರಿಸಿ, ಮಸ್ತಾನಬಿಯವರ ಕೈ ಹಿಡಿದು ಮೇಲೆ ಕರೆತಂದಳು. ನಾನು ಎದ್ದು ಗೋಡೆಗೆ ಸರಿದು ನಿಂತೆ. ಬುರ್ಖಾದ ಅಮ್ಮ ಏದುಸಿರು ಬಿಡುತ್ತ ಪಡುವಣ ಕಿಡಕಿಯ ಹತ್ತಿರ ಹೋದರು. ನಲವತ್ತು ವರ್ಷ ಬಾಳಿದ ಮನೆಯನ್ನು ಅವರು ಮೇಲಿನಿಂದ ನೋಡಿದ್ದು ಅದೇ ಮೊದಲಿರಬೇಕು. ಬಹಳ ಹೊತ್ತು ನೋಡಿದರು.

"ಇಲ್ಲಿಂದ ನಮ್ಮ ಮನಿ ಇಷ್ಟೇ ಕಾಣ್ತದೇನು?" ಎಂದರು.

"ಹೌದ್ರಿ ಅಮ್ಮಾ" ಎಂದೆ.

"ಹಂಗಾದ್ರ ನಿಮ್ದೇನು ತಪ್ಪಿಲ್ಲ ಬಿಡ್ರಿ ಸಾವಕಾರ. ಇಷ್ಟು ಮ್ಯಾಲ ಕುಂತವ್ರಿಗೆ ಅಲ್ಲಿ ಯಾರೋ ಬಾಳ್ವಿ ಮಾಡತಿದ್ರು ಅಂತ ಹ್ಯಾಂಗ ಕಾಣಬೇಕು."

ಕುಹಕದ ಧ್ವನಿಯಿರಲಿಲ್ಲ. ಕುಹಕವಿದ್ದಿದ್ದರೆ ಉತ್ತರ ಕೊಡುತ್ತಿದ್ದೆ. ಇಬ್ಬರೂ ಇಳಿದು ಹೋದರು. ಸ್ವಲ್ಪ ಹೊತ್ತಿಗೆ ಕೆಳಗೆ ಅಂಗಳದಲ್ಲಿ ಚಂದಮ್ಮ ರೊಟ್ಟಿಯ ಬುಟ್ಟಿ ಹಿಡಿದು ಬಂದಳು, ತಲೆಯೆತ್ತಿ ನನ್ನ ಕಡೆ ಏನೋ ಹೇಳಿದಳು. ಅಷ್ಟು ಮೇಲಿನ ಕಿಡಕಿಯಿಂದ ಎಷ್ಟು ಬಗ್ಗಿ ನೋಡಿದರೂ ನನಗೆ ಅವಳ ಮುಖ ಕಾಣಲಿಲ್ಲ.